ಚಿಕ್ಕಮ್ಮನ ಚಾರ್ಜಿಂಗ್ ಕಾವಲು

ನಮ್ಮ ಚಿಕ್ಕಮ್ಮನಿಗೆ ದೇವರ ಮೇಲೆ ನಂಬಿಕೆಯಿದೆ, ಡಾಕ್ಟರ ಮೇಲೆ ನಂಬಿಕೆಯಿದೆ, ಎಂಆರ್‌ಟಿ ರೈಲು ಹೇಳಿದ ಹೊತ್ತಿಗೆ ಬರುತ್ತದೆಂಬುದರ ಮೇಲಂತೂ ಅಚಲವಾದ ನಂಬಿಕೆಯಿದೆ. ಅವರು ನಂಬದ ವಸ್ತು ಈ ಲೋಕದಲ್ಲಿ ಒಂದೇ: ಚಾರ್ಜಿಗೆ ಹಾಕಿದ ಬ್ಯಾಟರಿ! ಮನೆಗೆ ಕಳ್ಳ ಬಂದರೂ ಕಾಫಿ ಕೊಟ್ಟು ಕೂರಿಸಿಯಾರು. ಆದರೆ ಆ ಕಳ್ಳ ತನ್ನ ಫೋನನ್ನು ಸೋಫಾದ ಮೇಲೆ ಚಾರ್ಜಿಗಿಟ್ಟನೋ, ಆ ಕ್ಷಣವೇ ಪೊಲೀಸರಿಗೆ ಫೋನ್ ಮಾಡುತ್ತಾರೆ.

ಊರು ಬಿಟ್ಟು ಈ ಪರದೇಶಕ್ಕೆ ಬಂದು, ಪಾಯಾ ಲೆಬಾರ್‌ನಲ್ಲಿ ನನಗೆ ಕೆಲಸ ಸಿಕ್ಕಿದ ಹೊಸತರಲ್ಲಿ ಚೋವಾ ಚು ಕಾಂಗ್‌ನ ಅವರ ಫ್ಲ್ಯಾಟಿನಲ್ಲೇ ಇದ್ದೆ. ಬಂದ ದಿನ, ವಿಮಾನದಲ್ಲಿ ನಿದ್ದೆಗೆಟ್ಟವರು ಯಾರಾದರೂ ಮಾಡುವುದನ್ನೇ ಮಾಡಿದೆ. ಫೋನನ್ನು ಚಾರ್ಜಿಗೆ ಸಿಕ್ಕಿಸಿ, ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದೆ. ಕಣ್ಣು ಮುಚ್ಚಿ ಇನ್ನೂ ನಿದ್ದೆ ಹತ್ತಿರಲಿಲ್ಲ, ಕೋಣೆಯೊಳಗೆ ಯಾರೋ ಬಂದ ಹಾಗಾಯಿತು. ನೋಡಿದರೆ ಚಿಕ್ಕಮ್ಮ! ಗೋಡೆಯ ಸ್ವಿಚ್ ಆರಿಸಿ, ಮಲಗಿದ ಮಗುವಿನ ಪಕ್ಕದಿಂದ ಹಾವನ್ನು ಎತ್ತುವವರ ಹಾಗೆ ನನ್ನ ಫೋನನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಹೋಗುತ್ತಿದ್ದರು. ಊಟ ಆಯಿತೇ, ಅಮ್ಮ ಹೇಗಿದ್ದಾಳೆ ಎಂಬ ವಿಚಾರಣೆಯೆಲ್ಲ ಆಮೇಲೆ ನಡೆಯಿತು.

ಆ ಸಂಜೆ ನನಗೆ ಮನೆಯ ಕಾನೂನುಗಳ ಉಪದೇಶವಾಯಿತು. ಹಾಸಿಗೆ, ದಿಂಬು, ಸೋಫಾ ಇವುಗಳ ಮೇಲೆ ಚಾರ್ಜಿಂಗ್ ನಿಷಿದ್ಧ. ಯಾವುದರ ಜೊತೆ ಯಾವ ಚಾರ್ಜರ್ ಬಂದಿದೆಯೋ ಅದಕ್ಕೆ ಅದೇ. ಅದಲುಬದಲು ಮಾಡುವ ಹಾಗಿಲ್ಲ. ಚಾರ್ಜಿನಲ್ಲಿರುವ ಫೋನಿನಲ್ಲಿ ಮಾತಾಡುವುದಂತೂ ಮಹಾಪಾಪ! ಬಾತ್‌ರೂಮ್ ರಿಪೇರಿಯಲ್ಲಿ ಮಿಕ್ಕಿದ್ದ ದೊಡ್ಡದೊಂದು ನೀಲಿ ಟೈಲನ್ನು ನಡುಮನೆಯ ಮೂಲೆಯಲ್ಲಿ ಇಟ್ಟಿದ್ದರು. ಮನೆಯ ಸಮಸ್ತ ಬ್ಯಾಟರಿಗಳೂ ರಾತ್ರಿ ಎಂಟಕ್ಕೆ ಅದರ ಮೇಲೆ ಹಾಜರಾಗಬೇಕು. ಎಲ್ಲಕ್ಕಿಂತ ಮುಖ್ಯವಾದ ಕಾನೂನೆಂದರೆ, ಚಾರ್ಜ್ ಮುಗಿಯುವವರೆಗೆ ಮನೆಯವರಲ್ಲಿ ಒಬ್ಬರು ಪಕ್ಕದಲ್ಲಿ ಕೂತಿರಬೇಕು.

ಒಲೆಯ ಮೇಲೆ ಹಾಲಿಟ್ಟು ಯಾರಾದರೂ ಆಚೆ ಹೋಗುತ್ತಾರೆಯೇ ಎಂಬುದು ಅವರ ವಾದ. ಹಾಲು ಉಕ್ಕಿದರೆ ಒಲೆ ಕೆಡುತ್ತದೆ, ಇದು ಉಕ್ಕಿದರೆ ಮನೆಯೇ ಕೆಡುತ್ತದೆ. ಇದಕ್ಕೆ ನೀವೇನು ಉತ್ತರ ಕೊಡುತ್ತೀರಿ? ಇಲ್ಲೇ ಹುಟ್ಟಿ ಬೆಳೆದ ಅವರ ಮಗಳು ಪುಟ್ಟಿ ಮಾತ್ರ ಕೊಡುತ್ತಿದ್ದಳು.

"ಅಮ್ಮ, ನನ್ನ ಫ್ರೆಂಡ್ಸ್ ಎಲ್ಲ ಹೋಲ್ ನೈಟ್ ಚಾರ್ಜ್ ಮಾಡ್ತಾರೆ ಲಾ. ನಥಿಂಗ್ ಹ್ಯಾಪನ್ಸ್."

"ಅವರ ಅಮ್ಮಂದಿರು ರಾತ್ರಿಯೆಲ್ಲ ಎದ್ದಿರ್ತಾರೆ, ಪಾಪ."

ಎಂಟು ಗಂಟೆಯಾಯಿತೆಂದರೆ ಅಡುಗೆಮನೆಯಿಂದ "ಇವತ್ತು ಯಾರು ಕೂರ್ತೀರ?" ಎಂಬ ಕೂಗು ಬರುತ್ತಿತ್ತು. ಒಬ್ಬರು ಕೂತರೆ ಸಾಕಿತ್ತು, ನಿಜ. ಆದರೆ ಫೋನುಗಳೆಲ್ಲ ಟೈಲಿನ ಮೇಲಿರುವಾಗ ಮಿಕ್ಕವರಾದರೂ ಕೋಣೆಗೆ ಹೋಗಿ ಏನು ಮಾಡಬೇಕು? ಹಾಗಾಗಿ ನಾಲ್ವರೂ ಟೈಲಿನ ಸುತ್ತ, ಚಳಿಗೆ ಬೆಂಕಿ ಕಾಯಿಸುವವರ ಹಾಗೆ, ನೆಲದ ಮೇಲೆ ಕೂರುತ್ತಿದ್ದೆವು. ಹುರಿದ ಕಡಲೆಬೀಜದ ತಟ್ಟೆ ಬರುತ್ತಿತ್ತು. ಚಿಕ್ಕಪ್ಪ ಮೈಸೂರಿನ ಹಾಸ್ಟೆಲಿನಲ್ಲಿ ಸಾಂಬಾರಿಗಾಗಿ ಮುಷ್ಕರ ಹೂಡಿದ ಕಥೆಯನ್ನು ಪ್ರತಿಸಲವೂ ಹೊಸದೆಂಬಂತೆ ಹೇಳುತ್ತಿದ್ದರು, ಮುಷ್ಕರ ನಿರತರ ಸಂಖ್ಯೆಯನ್ನು ಪ್ರತಿಸಲವೂ ಏರಿಸುತ್ತಿದ್ದರು. ಈಗ ಟೋವಾ ಪಾಯೋದ ನನ್ನ ಕೋಣೆಯಲ್ಲಿ ಯಾವಾಗ ಬೇಕಾದರೂ ಎಲ್ಲಿ ಬೇಕಾದರೂ ಚಾರ್ಜ್ ಮಾಡಬಹುದು. ಆದರೂ ಎಂಟು ಗಂಟೆಯಾದರೆ ಕಡಲೆಬೀಜದ ವಾಸನೆ ನೆನಪಾಗಿ ಸುಮ್ಮನೆ ಬಾಗಿಲ ಕಡೆ ನೋಡುತ್ತೇನೆ.

ಚಿಕ್ಕಮ್ಮನ ಕೀರ್ತಿ ಮನೆಯೊಳಗೇ ಉಳಿಯಲಿಲ್ಲ. ಸತ್ಯನಾರಾಯಣ ಪೂಜೆಗೆ ಬಂದ ಅತಿಥಿಗಳು ಚಪ್ಪಲಿ ಬಿಟ್ಟು ಒಳಗೆ ಬರುತ್ತಲೇ ಅವರ ಚಾರ್ಜರುಗಳ ತಪಾಸಣೆಯಾಗುತ್ತಿತ್ತು. ಬೆಂಗಳೂರಿನಿಂದ ಬಂದಿದ್ದ ಅಂಕಲ್ ಒಬ್ಬರು ಫುಟ್‌ಪಾತಿನಲ್ಲಿ ಕೊಂಡ ಚಾರ್ಜರನ್ನು ಹೊರತೆಗೆದರು. ಚಿಕ್ಕಮ್ಮ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಪಕ್ಕಕ್ಕೆತ್ತಿಟ್ಟು ಅವರ ಕೈಗೆ ಪ್ರಸಾದ ಕೊಟ್ಟರು. ಪಾಪ, ಆ ಅಂಕಲ್ ಸತ್ತ ಫೋನನ್ನೇ ಹಿಡಿದು ದಾರಿ ಕೇಳಿಕೊಂಡು ಹೋಟೆಲ್ ಸೇರಿದರಂತೆ. ಕಟ್ಟಡದ ಕೆಳಗೆ ಗೋಡೆಗಳಿಲ್ಲದ ವಾಯ್ಡ್ ಡೆಕ್ಕಿನಲ್ಲಿ ಬ್ಯಾಟರಿ ಸೈಕಲ್ ನಿಲ್ಲಿಸುತ್ತಿದ್ದ ಚೀನೀ ಆಂಟಿಯನ್ನಂತೂ ಭಾಷೆ ಅಡ್ಡ ಬಂದರೂ ಬಿಡಲಿಲ್ಲ. ಕೈಸನ್ನೆಯಲ್ಲೇ ಬೆಂಕಿ, ಹೊಗೆ, ಆಂಬುಲೆನ್ಸುಗಳನ್ನು ಅಭಿನಯಿಸಿ ತೋರಿಸಿದರು. ಆ ಆಂಟಿ ಮರುದಿನ ತಮ್ಮ ಇನ್ನಿಬ್ಬರು ಸ್ನೇಹಿತೆಯರನ್ನು ಕರೆತಂದು, ಇನ್ನೊಮ್ಮೆ ಮಾಡಿ ತೋರಿಸುವಂತೆ ಕೇಳಿಕೊಂಡರು.

ಒಂದು ಭಾನುವಾರ ಊಟಕ್ಕೆ ಹಾಕರ್ ಸೆಂಟರಿಗೆಂದು ಹೊರಟವರು ರೈಲಿನಲ್ಲಿ ಅರ್ಧ ದಾರಿ ಹೋದ ಮೇಲೆ ಪವರ್‌ಬ್ಯಾಂಕ್ ಚಾರ್ಜಿನಲ್ಲೇ ಉಳಿದಿದೆ ಎಂದು ನೆನಪಾಗಿ ಚಿಕ್ಕಮ್ಮನ ಮುಖ ಬಿಳುಚಿಕೊಂಡಿತು. ಎಲ್ಲರೂ ಇಳಿದು ಎದುರಿನ ರೈಲು ಹತ್ತಿ, ಬ್ಲಾಕಿನವರೆಗೆ ಓಡಿ, ಲಿಫ್ಟಿಗೆ ಕಾಯುವ ವ್ಯವಧಾನವಿಲ್ಲದೆ ಮೆಟ್ಟಿಲು ಹತ್ತಿದೆವು. ಬೀಗದ ಕೈಗಾಗಿ ಚಿಕ್ಕಮ್ಮ ಬ್ಯಾಗಿಗೆ ಕೈ ಹಾಕಿದರೆ ಮೊದಲು ಬಂದದ್ದೇ ಪವರ್‌ಬ್ಯಾಂಕ್! ಅವರು ನಾಚಿಕೊಂಡರೆಂದು ತಿಳಿದಿರಾ? ನೋಡಿ, ನನಗೆ ಗೊತ್ತಿಲ್ಲದೆಯೂ ನಾನು ಎಷ್ಟು ಜೋಪಾನ ಎಂದು ಬೀಗಿದರು. ಚಿಕ್ಕಪ್ಪ ಮಾತ್ರ ಬಹಳ ಹೊತ್ತು ಗೋಡೆ ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು. ಚಿಕ್ಕಮ್ಮನ ನಗು ಅಲ್ಲಿಗೆ ನಿಂತಿತು.

ಇಲ್ಲಿ ಚಿಕ್ಕಪ್ಪನ ವಿಷಯ ಸ್ವಲ್ಪ ಹೇಳಬೇಕು. ಅವರು ಹಿಂದೆ ಸಿಗರೇಟಿನ ಭಕ್ತರು. ನಾನು ಬರುವ ಹಿಂದಿನ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ, ಪುಟ್ಟಿಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿ ಬಿಟ್ಟಿದ್ದರು. ಚಿಕ್ಕಮ್ಮನ ಬ್ಯಾಟರಿ ಹುಚ್ಚು ಶುರುವಾದದ್ದೂ ಅದೇ ವರ್ಷವಂತೆ. ಪುಟ್ಟಿ ಹಾಗೆಂದಾಗ ನಾನು ನಕ್ಕು ಮರೆತುಬಿಟ್ಟೆ.

ಹೀಗಿರುವಾಗ ನಮ್ಮ ಮನೆಯಲ್ಲಿ ಮಾವಿನಹಣ್ಣಿನ ವಾಸನೆ ಸುಳಿಯತೊಡಗಿತು. ಮನೆಯಲ್ಲಿ ಒಂದೂ ಮಾವಿನಹಣ್ಣಿಲ್ಲ! ಚಿಕ್ಕಪ್ಪ ಬಟ್ಟೆ ಒಣಹಾಕಲು ಹೋದರೆ ಅಲ್ಲಿ ಮಾವು, ಕಸ ಹಾಕಿ ಬಂದರೆ ಮೆಟ್ಟಿಲ ಬಳಿ ಮಾವು. ಅಷ್ಟಕ್ಕೂ ಅವರು ದಿನಕ್ಕೆ ಮೂರು ಸಲ ಕಸ ಹಾಕಿ ಬರುವಂತಹ ಗಂಡನೇನೂ ಆಗಿರಲಿಲ್ಲ. ನಾನೂ ಪುಟ್ಟಿಯೂ ಮುಖ ಮುಖ ನೋಡಿಕೊಂಡೆವು. ಚಿಕ್ಕಮ್ಮ ಎದ್ದು ಕಿಟಕಿ ತೆರೆದರು.

ಗುಟ್ಟು ರಟ್ಟಾದದ್ದು ಒಂದು ಶುಕ್ರವಾರ ಬೆಳಿಗ್ಗೆ. ದೀಪ ಹಚ್ಚಲು ಹೋದ ಚಿಕ್ಕಮ್ಮನಿಗೆ ಊದುಬತ್ತಿಯ ಬದಲು ಪ್ಲಾಸ್ಟಿಕ್ ಕರಗುವ ವಾಸನೆ ಬಂತು. ಲಕ್ಷ್ಮಿಯ ಫೋಟೋದ ಹಿಂದೆ, ಸೀರಿಯಲ್ ಲೈಟಿನ ಪ್ಲಗ್ಗಿನ ಪಕ್ಕ, ರೇಷ್ಮೆ ವಸ್ತ್ರದ ಮೇಲೆ ಹೈಲೈಟರ್ ಪೆನ್ನಿನಂತಹ ಹಳದಿ ವಸ್ತುವೊಂದು ಚಾರ್ಜಾಗುತ್ತಿತ್ತು. ಇ-ಸಿಗರೇಟು! ಇಟ್ಟುಕೊಳ್ಳುವುದೇ ಈ ಊರಿನಲ್ಲಿ ಅಪರಾಧವಾದ ವಸ್ತುವನ್ನು, ಮನೆಯಲ್ಲಿ ಯಾರೂ ಕೈಹಾಕದ ಜಾಗವೆಂದು ಚಿಕ್ಕಪ್ಪ ದೇವರ ಆಶ್ರಯಕ್ಕೇ ಬಿಟ್ಟಿದ್ದರು. ಚಿಕ್ಕಮ್ಮ ಕಿರುಚಲಿಲ್ಲ. ಮೊದಲು ಸ್ವಿಚ್ ಆರಿಸಿದರು, ಆಮೇಲೆ ವೈರ್ ಕಿತ್ತರು, ಅಡುಗೆಮನೆಯ ಇಕ್ಕಳದಲ್ಲಿ ಉಬ್ಬಿದ್ದ ಅದನ್ನು ಹಿಡಿದು ಕಾರಿಡಾರಿಗೆ ಒಯ್ದು ತುಳಸಿ ಕುಂಡದ ಮಣ್ಣಿನಲ್ಲಿ ಹೂತರು. ಇದೊಂದೂ ತಿಳಿಯದ ಚಿಕ್ಕಪ್ಪ ಸ್ನಾನ ಮುಗಿಸಿ ಬಂದು, ಎಂದಿನಂತೆ ಆ ತುಳಸಿಗೆ ಭಕ್ತಿಯಿಂದ ಕೈಮುಗಿದು ನಿಂತರು.

"ಯಾವ ಚಾರ್ಜರ್ ಹಾಕಿದ್ರಿ?" ಎಂದರು ಹಿಂದಿನಿಂದ ಚಿಕ್ಕಮ್ಮ.

ಚಿಕ್ಕಪ್ಪ ತಿರುಗಲಿಲ್ಲ. "ಆಫೀಸ್ ಲ್ಯಾಪ್‌ಟಾಪ್‌ದು."

ಶುರುವಾಯಿತು ನೋಡಿ! ಬೆರಳುದ್ದದ ಬ್ಯಾಟರಿಗೆ ಲ್ಯಾಪ್‌ಟಾಪಿನ ಚಾರ್ಜರೇ? ಅದೂ ಬಟ್ಟೆಯ ಮೇಲೆ? ಕಾವಲಿಗೆ ಯಾರೂ ಇಲ್ಲದೆ? ಲಕ್ಷ್ಮಿಯ ಸೆರಗಿಗೆ ಬೆಂಕಿ ಹತ್ತಿದ್ದರೆ ಮುಂದಿನ ಜನ್ಮದಲ್ಲಾದರೂ ಉತ್ತರ ಕೊಡಲು ಆಗುತ್ತಿತ್ತೇ? ಕಾಫಿ ಆರುವವರೆಗೂ ಉಪನ್ಯಾಸ ನಡೆಯಿತು. ಸಿಗರೇಟಿನ ಮಾತೇ ಬರದಿರುವುದನ್ನು ಕಂಡು ಚಿಕ್ಕಪ್ಪನಿಗೆ ಮೆಲ್ಲಗೆ ಜೀವ ಬಂತು. ಹೆಂಡತಿ ಅದನ್ನು ಸೊಳ್ಳೆ ಓಡಿಸುವ ಯಂತ್ರವೆಂದುಕೊಂಡಿರಬೇಕೆಂಬ ಆಸೆಯಲ್ಲಿ ನನ್ನ ಕಡೆ ಕಣ್ಣು ಮಿಟುಕಿಸಿದರು ಕೂಡ. ಆಗ ಚಿಕ್ಕಮ್ಮ ಕಾಫಿ ಲೋಟ ಎತ್ತಿಕೊಳ್ಳುತ್ತ, "ಮಾವಿನಹಣ್ಣಿನ ಕಾಲ ಮುಗಿದು ಎಷ್ಟು ತಿಂಗಳಾಯ್ತು ರೀ?" ಎಂದರು.

ಚಿಕ್ಕಪ್ಪ ಕುರ್ಚಿಯಲ್ಲಿ ಕುಸಿದರು. ಆಫೀಸಿನ ಗೆಳೆಯ ಕೊಟ್ಟಿದ್ದು, ಮಾವಿನ ಪರಿಮಳದ್ದು, ಇದು ಸಿಗರೇಟಿನಷ್ಟು ಕೆಟ್ಟದ್ದಲ್ಲವೆಂದು ಹೇಳಿದ್ದ ಎಂದು ತೊದಲಿದರು. ಚಿಕ್ಕಮ್ಮ ಅವರ ಎದೆಯ ಮೇಲೆ ಬೆರಳಿಟ್ಟರು. "ಮನೆ ಬ್ಯಾಟರಿಗಳನ್ನೆಲ್ಲ ನಾನು ಕಾಯ್ತೀನಿ. ಇದನ್ನ ನಾನು ಹೇಗೆ ಕಾಯಲಿ, ಹೇಳಿ" ಎಂದರು. ಆ ಸಂಜೆಯೇ ಇಬ್ಬರೂ ಹೋಗಿ, ಅಂಥವನ್ನು ಹಾಕಲೆಂದೇ ಸರ್ಕಾರದವರು ಹತ್ತಿರದಲ್ಲಿ ಇಟ್ಟಿದ್ದ ಪೆಟ್ಟಿಗೆಯಲ್ಲಿ ಅದನ್ನು ಹಾಕಿ ಬಂದರು. ದಾರಿಯುದ್ದಕ್ಕೂ ಚಿಕ್ಕಮ್ಮ ಅದನ್ನಿಟ್ಟಿದ್ದ, ಮರಳು ತುಂಬಿದ ಡಬ್ಬಿಯನ್ನು ತೋಳುದ್ದ ದೂರ ಹಿಡಿದೇ ನಡೆದರಂತೆ.

ಚಿಕ್ಕಪ್ಪ ಮತ್ತೆ ಅದರ ತಂಟೆಗೆ ಹೋಗಲಿಲ್ಲ. ಆದರೆ ನಾನು ಟೋವಾ ಪಾಯೋಗೆ ಶಿಫ್ಟ್ ಆದ ಮೇಲೆ ಒಂದು ದಿನ ಅವರಿಗೆ ಕೆಮ್ಮು ಹೆಚ್ಚಾಗಿ, ಉಸಿರಾಡಲಾಗದೆ ಆಸ್ಪತ್ರೆ ಸೇರಿದರು. ಗಾಬರಿಯಾಗಬೇಡಿ, ಈಗ ಚೆನ್ನಾಗಿದ್ದಾರೆ, ಹಾಸ್ಟೆಲ್ ಮುಷ್ಕರದ ಸಂಖ್ಯೆಯನ್ನು ಇನ್ನೂ ಏರಿಸುತ್ತಿದ್ದಾರೆ. ಅವತ್ತು ಮಾತ್ರ ನಮಗೆ ಯಾರಿಗೂ ಧೈರ್ಯವಿರಲಿಲ್ಲ. ಭೇಟಿಯ ಸಮಯ ಮುಗಿಯಿತೆಂದು ನಮ್ಮನ್ನು ಮನೆಗೆ ಕಳಿಸಿದ್ದರು. ಎಂಟು ಗಂಟೆಯಾಯಿತು. ಯಾರು ಕೂರ್ತೀರ ಎಂದು ಯಾರೂ ಕೇಳಲಿಲ್ಲ. ನಾನು, ಪುಟ್ಟಿ, ಚಿಕ್ಕಮ್ಮ ಮೂವರೂ ಅಭ್ಯಾಸಬಲದಿಂದ ಖಾಲಿ ಟೈಲಿನ ಸುತ್ತ ಕೂತಿದ್ದೆವು.

ಅಷ್ಟರಲ್ಲಿ ಚಿಕ್ಕಪ್ಪನ ಫೋನ್ ಬಂತು. ಚಿಕ್ಕಮ್ಮ ಸ್ಪೀಕರಿಗೆ ಹಾಕಿದರು. ಊಟ ಮಾಡಿದೆನೆಂದರು, ಸಾಂಬಾರು ಹಾಸ್ಟೆಲಿಗಿಂತ ಕಡೆ ಎಂದರು, ನಡುನಡುವೆ ಉಸಿರಿಗಾಗಿ ನಿಂತರು. ಆಮೇಲೆ ಅಷ್ಟು ವರ್ಷದ ತರಬೇತಿಯನ್ನು ಮರೆಯದೆ ಹೇಳಿದರು:

"ಬ್ಯಾಟರಿ ಮುಗೀತಾ ಬಂತು ಕಣೇ. ಇಡ್ತೀನಿ, ಚಾರ್ಜಿಗೆ ಹಾಕ್ಬೇಕು."

"ಇಡಬೇಡಿ. ಚಾರ್ಜಿಗೆ ಹಾಕ್ಕೊಂಡೇ ಮಾತಾಡಿ."

ಪುಟ್ಟಿ ತಲೆಯೆತ್ತಿ ಅಮ್ಮನನ್ನು ನೋಡಿದಳು.

"ಹಾಸಿಗೆ ಮೇಲಿದೆಯಲ್ಲೇ ಫೋನು" ಎಂದರು ಚಿಕ್ಕಪ್ಪ. "ಇಲ್ಲಿ ಪಕ್ಕದಲ್ಲಿ ಕೂರೋಕೂ ಯಾರಿಲ್ಲ."

ಚಿಕ್ಕಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡರು.

"ನಾನು ಕೂತಿದೀನಿ. ನೀವು ಮಾತಾಡ್ತಾ ಇರಿ."