ಮುಸುಕಿನವಳು

ಬಾಯಿ ತಪ್ಪಿ ಬಂದ ಒಂದು ನಾಮಪದ ಅಲ್ಟನ್ ಮೇಷ್ಟ್ರ ಮಾನ ಕಳೆಯಿತು.

ಐರ್ಲೆಂಡಿನ ಪಡುವಣ ಕಡಲಂಚಿನ ಆ ಊರಲ್ಲಿ ಹಳೆಯ ಐರಿಷ್ ವ್ಯಾಕರಣ ಬಲ್ಲವರು ಅವರೊಬ್ಬರೇ. ಒಂಟಿ ಜೀವ. ಮನೆಯಲ್ಲಿ ಮಾತಿಗೆ ಸಿಗುತ್ತಿದ್ದುದು ವಿಭಕ್ತಿ ಪ್ರತ್ಯಯಗಳು ಮಾತ್ರ. ಎದುರುಮನೆಯ ವಿಧವೆ ಡಿಂಪ್ನಾ ಜೊತೆ ನಾಲ್ಕು ಮಾತಾಡಬೇಕೆಂಬ ಆಸೆಗೆ ವರ್ಷಗಳಾಗಿದ್ದವು. ಎದುರು ಸಿಕ್ಕರೆ ನಾಲಿಗೆ ಒಣಮೀನಿನಂತೆ ಸೆಟೆದುಕೊಳ್ಳುತ್ತಿತ್ತು.

ಒಂದು ದಿನ ಬೆಳಿಗ್ಗೆ ಅಟ್ರಾಕ್ಟಾಳ ಅಂಗಡಿಯಲ್ಲಿ ಬ್ರೆಡ್ ಕೊಳ್ಳುತ್ತಿದ್ದಾಗ ಡಿಂಪ್ನಾ ತಲೆತುಂಬ ಶಾಲು ಹೊದ್ದು ಒಳಬಂದರು. ಮೇಷ್ಟ್ರು ಮೈಮರೆತರು.

“ಆಹಾ, ಕಾಲ್ಯಖ್!”

ಮದುವೆಮನೆಯಲ್ಲಿ ಯಾರೋ ಸೀನಿದಂತೆ ಅಂಗಡಿ ಸ್ತಬ್ಧವಾಯಿತು.

“ಮುದಿ ಮಾಟಗಾತಿ ಅಂದ್ರಾ ಅವರನ್ನ?” ಅಟ್ರಾಕ್ಟಾ ಸೊಂಟಕ್ಕೆ ಕೈಯಿಟ್ಟಳು.

“ಅಲ್ಲಮ್ಮಾ, ಅದು ಈಗಿನ ಅರ್ಥ! ಮೂಲ ಲ್ಯಾಟಿನ್ನಿನ ‘ಪಲ್ಲಿಯುಂ’, ಅಂದ್ರೆ ಹೊದಿಕೆ. ನಮ್ಮವರ ಬಾಯಲ್ಲಿ ‘ಪ’ ಹೋಗಿ ‘ಕ’ ಬಂತು. ‘ಕಾಲ್ಯ’ ಅಂದ್ರೆ ಮುಸುಕು, ‘ಕಾಲ್ಯಖ್’ ಅಂದ್ರೆ ಮುಸುಕಿನವಳು. ಸ್ತ್ರೀಲಿಂಗ...”

“ಡಿಂಪ್ನಾ ಸ್ತ್ರೀಲಿಂಗ ಅಂತ ಹೇಳೋಕೆ ಲ್ಯಾಟಿನ್ ಬೇಕಿತ್ತಾ?” ಎಂದ ಮೀನುಗಾರ ಕೋಲ್ಮನ್.

ಡಿಂಪ್ನಾ ಏನೂ ಕೊಳ್ಳದೆ ಹೊರಟುಹೋದರು.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಲ್ಯಾಟಿನ್ನಿನಲ್ಲಿ ಶಾಪ ಹಾಕಿದರೆಂದು ಸುದ್ದಿಯಾಯಿತು. ಸಂಜೆಗೆ ಪಬ್ಬಿನವರ ಬಾಯಲ್ಲಿ ಅವರು ಶಾಲನ್ನೇ ಎಳೆದುಬಿಟ್ಟಿದ್ದರು.

“ಹೋಗಿ ಕ್ಷಮೆ ಕೇಳಿ ಮೇಷ್ಟ್ರೇ,” ಎಂದ ಕೋಲ್ಮನ್. “ಆದ್ರೆ ದಯವಿಟ್ಟು ಬಾಯಿ ತೆಗೀಬೇಡಿ.”

ಬಾಯಿ ತೆಗೆಯದೆ ಕ್ಷಮೆ ಕೇಳುವುದು ಹೇಗೆಂದು ಯೋಚಿಸುತ್ತ ಮೇಷ್ಟ್ರು ರಸ್ತೆ ದಾಟಿದರು. ತಟ್ಟುವ ಮೊದಲೇ ಡಿಂಪ್ನಾ ಬಾಗಿಲು ತೆರೆದರು.

“ಒಳಗೆ ಬನ್ನಿ. ಟೀ ಆಗಿದೆ.”

ಇನ್ನೊಬ್ಬರು ಬಗ್ಗಿಸಿದ ಟೀ ಕುಡಿದು ಅವರಿಗೆ ಎಷ್ಟು ಕಾಲವಾಗಿತ್ತೋ! ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಕೋಪ ಇಲ್ವಾ?”

“ಇಲ್ಲ. ಆ ಶಬ್ದ ತಲೇಲೇ ಕೂತಿದೆ. ಮೊದಲು ಯಾರನ್ನ ಹಾಗಂತಿದ್ರು?”

“ಸನ್ಯಾಸಿನಿಯರನ್ನ,” ಎಂದು ಮೇಷ್ಟ್ರು ಉತ್ಸಾಹದಿಂದ ಮುಂದಕ್ಕೆ ಬಾಗಿದರು. “ಮುಸುಕು ಹಾಕ್ಕೊಂಡು ದೇವರಿಗೆ ಒಪ್ಪಿಸ್ಕೊಂಡೋರನ್ನ.”

ಡಿಂಪ್ನಾ ಕಣ್ಣು ತುಂಬಿಕೊಂಡರು. “ಅವರು ತೀರ್ಕೊಂಡಾಗಿಂದ ಮಠ ಸೇರ್ಲಾ ಬೇಡ್ವಾ ಅಂತ ದೇವರ ಹತ್ರ ಒಂದು ಸೂಚನೆ ಕೇಳ್ತಾನೇ ಇದ್ದೆ. ಇವತ್ತು ನಿಮ್ಮ ಬಾಯಲ್ಲಿ ಹೇಳಿಸ್ದ. ಮಠದ ಮದರ್‌ಗೆ ಫೋನ್ ಮಾಡ್ತೀನಿ, ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ.”

ಮೇಷ್ಟ್ರ ಕೈಯಲ್ಲಿ ಟೀ ತಣ್ಣಗಾಯಿತು.

“ಆ ಶಬ್ದಕ್ಕೆ ಬೇರೆ ಅರ್ಥ ಏನಾದ್ರೂ ಇದ್ಯಾ ಮೇಷ್ಟ್ರೇ?”

ಇತ್ತು. ಮದುವೆಯಾಗಿ ಮುಸುಕು ಹೊದ್ದ ಗೃಹಿಣಿಯನ್ನೂ ಹಿಂದೆ ಹಾಗೆಯೇ ಕರೆಯುತ್ತಿದ್ದರು. ಮೇಷ್ಟ್ರು ಡಿಂಪ್ನಾರ ಬೆಳಗುತ್ತಿದ್ದ ಮುಖ ನೋಡಿದರು.

“ಇಲ್ಲ,” ಎಂದರು. ವ್ಯಾಕರಣದ ವಿಷಯದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದು.

ಹೊರಗೆ ಅಟ್ರಾಕ್ಟಾ ಕಾದಿದ್ದಳು. “ಕ್ಷಮಿಸಿದ್ರಾ?”

“ಧಾರಾಳವಾಗಿ,” ಎಂದು ಮೇಷ್ಟ್ರು ತಮ್ಮ ಮನೆಯ ಬೀಗ ತೆಗೆದರು.