ಎರಡನೇ ಕುರಿ

ಪುಸ್ತಕ ಕೊಡುವ ಕೆಲಸಕ್ಕೆ ಸೇರಿದವನಿಗೆ ಪುಸ್ತಕ ಬಚ್ಚಿಡುವ ಕೆಲಸ ಬಿದ್ದರೆ ದಿನಕ್ಕೊಂದು ಎಡವಟ್ಟು ಆಗದೆ ಇನ್ನೇನಾಗುತ್ತೆ? ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾನು ಹೊಸದುರ್ಗದ ಒಂದು ಸಣ್ಣ ವಾಚನಾಲಯದಲ್ಲಿ ಗುಮಾಸ್ತನಾಗಿದ್ದೆ. ಆಗ ನಕ್ಕಿದ್ದಕ್ಕೆಲ್ಲ ಈಗ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ನಗಬೇಕೆನಿಸಿದರೆ ನಗಿ.

೧. ಮೆಣಸಿನಕಾಯಿ ಮಾಡಿದ ತಪ್ಪು

ಚಿತ್ರದುರ್ಗದಿಂದ ಬಂದ ಮೇಲಧಿಕಾರಿ, ಯಾರಿಗೂ ಕೊಡಬಾರದ ಪುಸ್ತಕಗಳ ಪಟ್ಟಿ ಕೈಗಿತ್ತರು. ಹೊರಡುವಾಗ, "ಕೆಂಪು ಪುಸ್ತಕ ಒಂದೂ ಕಣ್ಣಿಗೆ ಬೀಳಬಾರದು" ಎಂದರು. ಅವರು ಹೇಳಿದ್ದು ಕ್ರಾಂತಿಯ ಪುಸ್ತಕಗಳನ್ನು. ಪುಕ್ಕಲನಾದ ನಾನು ಹೆಸರಲ್ಲಿ ಕೆಂಪು ಇದ್ದದ್ದನ್ನೆಲ್ಲ ಬೀರುವಿಗೆ ತುಂಬಿ ಬೀಗ ಜಡಿದೆ.

ಮಾರನೇ ದಿನವೇ ಬಾಗೂರಿನ ರೈತರೊಬ್ಬರು ಕೆಂಪು ಮೆಣಸಿನಕಾಯಿ ಬೇಸಾಯದ ಪುಸ್ತಕ ಕೇಳಿಕೊಂಡು ಬಂದರು.

"ಅದನ್ನ ಕೊಡಂಗಿಲ್ಲ. ಸರ್ಕಾರದ ಹುಕುಂ" ಎಂದೆ.

"ಯಾಕ್ರಿ? ಗಿಡ ಮುರುಟ್ಕಂಡು ಕುಂತೈತೆ!"

ನಾನು ಬೀರುವಿನ ಬೀಗದ ಕಡೆ ಕೈ ತೋರಿಸಿದೆ. ಅವರು ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: "ಹೋಗ್ಲಿ, ಹಸೀ ಮೆಣಸಿನಕಾಯಿದಾದ್ರೂ ಕೊಡ್ತೀರೇನು?"

೨. ಕಟ್ಟು

ಪಟ್ಟಿಯಲ್ಲಿ ಎರಡು ಭಾಗದ ಒಂದು ಕಾದಂಬರಿಯೂ ಇತ್ತು. ಪುಸ್ತಕಗಳಿಗೆ ರಟ್ಟು ಹಾಕುವ ಸಾಬರು ಬಂದಿದ್ದರು. ಎರಡನ್ನೂ ಅವರ ಕೈಗೆ ಕೊಟ್ಟು, "ಇವನ್ನ ಗಟ್ಟಿಯಾಗಿ ಕಟ್ರಿ" ಎಂದೆ. ನಾನು ಹೇಳಿದ್ದು ಹಗ್ಗದಲ್ಲಿ. ಸಾಬರು ಎರಡನ್ನೂ ಮನೆಗೆ ಒಯ್ದು ಎರಡು ದಿನ ಬಿಟ್ಟು ತಂದಾಗ ಎರಡನೆಯದು ಹಾಗೇ ಇತ್ತು, ಮೊದಲ ಭಾಗಕ್ಕೆ ಹೊಸ ರಟ್ಟು ಬಂದಿತ್ತು. ಅದರ ಮೇಲೆ ಹಳೆಯ ಯಾವುದೋ ಪುಸ್ತಕದ ಹೆಸರಿನ ಚೀಟಿ: ಕುರಿ ಸಾಕಣೆ.

"ಇದು ಕುರಿ ಪುಸ್ತಕ ಅಲ್ರಿ ಸಾಬ್ರೆ!"

"ಗೊತ್ತೈತೆ ಸಾರ್, ರಾತ್ರಿಯೆಲ್ಲ ಓದೀನಿ. ಮೇಲೆ ಕುರಿ ಇದ್ರೆ ಒಳಗೆ ಯಾರು ನೋಡ್ತಾರೆ? ನೀವಂತೂ ನೋಡಲ್ಲ."

೩. ಸಂತೆಯ ದಿನ

ಎರಡನೇ ಭಾಗವನ್ನು ಬೀರುವಿನಲ್ಲಿಟ್ಟೆ. ಮೊದಲನೆಯದನ್ನು ಮೇಜಿನ ಮೇಲೇ ಬಿಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಜವಾನ ಚೀಟಿ ನೋಡಿ ಅದನ್ನು ಮತ್ತೋಡಿನ ಕುರಿಗಾಹಿಯೊಬ್ಬರಿಗೆ ಕೊಟ್ಟು ಕಳಿಸಿದ್ದ.

ಮುಂದಿನ ಸಂತೆಯ ದಿನ ಅವರು ಬಂದರು. "ಏನ್ರಿ, ಇದ್ರಾಗೆ ಒಂದು ಕುರೀನೂ ಇಲ್ಲ!"

"ತಪ್ಪಾಗಿದೆ, ವಾಪಸ್ ಕೊಡ್ರಿ."

"ತಪ್ಪಾದ್ರೆ ಆಗ್ಲಿ. ಕತೆಯಾಗಿನ ಆಯಮ್ಮ ಹೊಳೆ ದಾಟಿದ್ಲೋ ಇಲ್ವೋ, ಅದನ್ನ ಹೇಳ್ರಿ. ನಾನು ಓದ್ತೀನಿ, ಹಟ್ಟಿಯೋರೆಲ್ಲ ಕುಂತು ಕೇಳ್ತಾರೆ. ಎರಡನೇ ಕುರಿ ಕೊಡ್ರಿ."

ಎರಡನೇ ಭಾಗ ನನ್ನ ಬೆನ್ನ ಹಿಂದೆಯೇ ಇತ್ತು, ಕೀಲಿಕೈ ಜೇಬಿನಲ್ಲಿತ್ತು. "ಇಲ್ಲ" ಎಂದುಬಿಟ್ಟೆ, ಮೊದಲನೆಯದನ್ನೂ ಅವರಿಂದ ಇಸಿದುಕೊಂಡೆ. ಅಷ್ಟಕ್ಕೇ ಬಿಡದೆ, ಯಾರಾದರೂ ದೂರು ಕೊಟ್ಟಾರೆಂದು ಅಂದೇ ಎರಡೂ ಭಾಗಗಳನ್ನು ಮೇಲಿನ ಕಚೇರಿಗೆ ಕಳಿಸಿದೆ. ಕಳಿಸಿ ಎಂದು ಯಾರೂ ಹೇಳಿರಲಿಲ್ಲ.

ಆಮೇಲೆ ಪ್ರತಿ ಸಂತೆಯ ದಿನ ಅವರು ಕಿಟಕಿಯಲ್ಲಿ ತಲೆ ಹಾಕಿ, "ಎರಡನೇ ಕುರಿ ಬಂತೇನ್ರಿ?" ಎಂದು ಕೇಳುವರು. ಪೇಪರ್ ಓದಲು ಬರುತ್ತಿದ್ದ ನಿವೃತ್ತ ಮೇಷ್ಟ್ರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಸಂಬಳ ಸಾಲಲ್ಲ ಅಂತ ಕುರಿ ವ್ಯಾಪಾರಕ್ಕೂ ಇಳಿದ್ರೇನಪ್ಪ?" ಎಂದರು.

೪. ಹಾರ

ತುರ್ತು ಪರಿಸ್ಥಿತಿ ಮುಗಿಯಿತು. ಬೀರುವಿನ ಬೀಗ ತೆಗೆಯುವುದಕ್ಕೆ ಊರಿನವರು ಒಂದು ಸಭೆಯನ್ನೇ ಮಾಡಿದರು. ಇನ್ನು ಯಾರು ಏನು ಬೇಕಾದರೂ ಓದಬಹುದು ಎಂದು ಎಲ್ಲರಿಗೂ ಮಂಡಕ್ಕಿ ಹಂಚಿದರು. ಕಷ್ಟಕಾಲದಲ್ಲಿ ಪುಸ್ತಕ ಕಾಪಾಡಿದವನೆಂದು ನನಗೆ ಹಾರ ಹಾಕಿದರು. ನಾನು ನಾಚಿಕೆಯಿಲ್ಲದೆ ಕತ್ತು ಬಗ್ಗಿಸಿದೆ.

ಹಿಂದಿನಿಂದ ಒಂದು ದನಿ ಬಂತು: "ಎರಡನೇ ಕುರಿ ಬಂತೇನ್ರಿ?"

ಸಭೆ ಗೊಳ್ಳೆಂದಿತು. ನಾನು ವೇದಿಕೆಯಿಂದ ಕೆಳಗಿಳಿದು ಹೋಗಿ ಆ ಕುರಿಗಾಹಿಗೆ ಎಲ್ಲವನ್ನೂ ಹೇಳಿದೆ. "ಹೆದರಿ ನಾನೇ ಕಳಿಸಿಬಿಟ್ಟೆ. ವಾಪಸ್ ಬರಲೇ ಇಲ್ಲ. ತಪ್ಪಾಯ್ತು."

"ಹೋಗ್ಲಿ ಬಿಡ್ರಿ. ಕಾದೂ ಕಾದೂ ಸಾಕಾಗಿ ಹಟ್ಟಿಯಾಗೆ ನಾವೇ ಕತೆ ಮುಗಿಸಿದ್ವಿ. ಅದ್ರಾಗೆ ನೀವೂ ಇದೀರಿ."

ಪಾಪಿ ಮನಸ್ಸಿಗೆ ಒಂದಿಷ್ಟು ಖುಷಿಯಾಯಿತು. "ನಾನಾ? ಏನು ಮಾಡ್ತೀನಿ?"

"ಏನೂ ಮಾಡಲ್ಲ. ದೋಣಿಗೆ ಬೀಗ ಹಾಕ್ಕಂಡು ದಡದಾಗೆ ಕುಂತಿರ್ತೀರಿ. ತೋಳ ಬಂದು ನಿಮ್ಮನ್ನ ಹೊತ್ಕಂಡು ಹೋಗ್ತೈತೆ. ಕೀಲಿಕೈ ಅಲ್ಲೇ ಬೀಳ್ತೈತೆ. ಆಮೇಲೇ ಸ್ವಾಮಿ, ಆಯಮ್ಮ ಹೊಳೆ ದಾಟಿದ್ದು."