ಗಾಳಿಕಲ್ಲಿನ ಮೇಲೊಂದು ಮೌನ

ಜಾವಳಿಯ ಚನ್ನಕೇಶವ ಗೌಡರ ಮನೆಯಲ್ಲಿ ಮಿಕ್ಸಿ ತಿರುಗಿತೆಂದರೆ ಘಟ್ಟದ ಕೆಳಗಿನ ಊರಿನವರು ಗುಡುಗಿತೆಂದು ತಿಳಿದು ಒಣಹಾಕಿದ ಬಟ್ಟೆ ಎತ್ತಿಡುತ್ತಾರೆ. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಸ್ವತಃ ಗೌಡರೇ ಕೊಟ್ಟಿಗೆಹಾರದ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ಹೇಳಿದ ಮಾತು. ಆ ಮಿಕ್ಸಿಯ ಮೇಲೆ ಅವರಿಗೆ ಹಳೆಯ ದ್ವೇಷವೇನೂ ಇರಲಿಲ್ಲ. ಅದು ರುಬ್ಬಿದ್ದನ್ನು ತಿಂದೇ ಅವರು ಈ ಗಾತ್ರಕ್ಕೆ ಬಂದದ್ದು. ಆದರೆ ಈ ಮಾರ್ಚ್ ತಿಂಗಳಲ್ಲಿ ಗೌಡರು ಬರಹಗಾರರಾಗಿಬಿಟ್ಟಿದ್ದರು. ಬರಹಗಾರನಿಗೆ ಮೌನ ಬೇಕು.

ಆದದ್ದಿಷ್ಟು. ಅದೇ ಹೋಟೆಲಿನಲ್ಲಿ ಒಂದು ದಿನ ನೀರುದೋಸೆಗೆ ಕಾಯುತ್ತಾ ಗೌಡರು ಮೌನದ ಮಹಿಮೆಯ ಬಗ್ಗೆ ಮಾತು ಶುರು ಮಾಡಿದರು. ದೋಸೆ ಬಂತು, ತಣ್ಣಗಾಯಿತು, ಧರ್ಮಸ್ಥಳದ ಬಸ್ಸು ಬಂದು ಹೋಯಿತು, ಪಕ್ಕದ ಮೇಜಿನವರು ಉಂಡೆದ್ದು ಬೇರೆಯವರು ಬಂದು ಕೂತರು. ಗೌಡರು ಮಾತ್ರ ಯಾರಿಗೂ ಬಾಯಿ ತೆರೆಯಲು ಬಿಡದೆ ಮೌನವನ್ನು ಹೊಗಳುತ್ತಲೇ ಇದ್ದರು. ಎದುರಿಗೆ ಸಿಕ್ಕಿಬಿದ್ದಿದ್ದವರು ಮಲ್ಲಿಕಾರ್ಜುನಪ್ಪ, ಗೋಣಿಬೀಡಿನ ‘ಕಾಫಿ ಹೂ ಸಾಹಿತ್ಯ ಬಳಗ’ದ ಅಧ್ಯಕ್ಷರು. ತಪ್ಪಿಸಿಕೊಳ್ಳುವ ದಾರಿ ಕಾಣದೆ ಅವರು, "ಇದನ್ನೆಲ್ಲ ಬರ್ಕೊಂಡು ಬನ್ನಿ ಗೌಡ್ರೇ, ನಮ್ಮ ಗೋಷ್ಠೀಲಿ ಓದಿ" ಎಂದುಬಿಟ್ಟರು. 

ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ‘ಮೌನ, ಏಕಾಂತ, ಸರಳತೆ: ಪ್ರಬಂಧ ಮಂಡನೆ, ಶ್ರೀ ಚನ್ನಕೇಶವ ಗೌಡರು, ಕಾಫಿ ಬೆಳೆಗಾರರು ಹಾಗೂ ಚಿಂತಕರು.’ ಆ ‘ಚಿಂತಕರು’ ಎಂಬ ಪದವನ್ನು ಗೌಡರು ಮೂಡಿಗೆರೆಯಿಂದ ಕಳಸದವರೆಗೆ ಕೈಗೆ ಸಿಕ್ಕವರಿಗೆಲ್ಲ ತೋರಿಸಿ ಬಂದರು. (ಕಳಸದಲ್ಲಿ ಒಬ್ಬರು ಕನ್ನಡಕ ತಂದಿಲ್ಲ ಎಂದಾಗ ತಮ್ಮದನ್ನೇ ಬಿಚ್ಚಿ ಕೊಟ್ಟು ಓದಿಸಿದರು.) ಇನ್ನು ಬರೆಯದೆ ಹೋದರೆ ಅಷ್ಟೂ ಊರುಗಳಲ್ಲಿ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ.

ಬರೆಯಲು ಕೂತರು. ಒಳಗೆ ಮಿಕ್ಸಿ ಗುರ್ರೆಂದಿತು.

"ಲಲಿತಾಕ್ಷೀ, ಅದನ್ನ ನಿಲ್ಸೇ! ಇಲ್ಲಿ ಮೌನದ ಬಗ್ಗೆ ಮೊದಲ್ನೇ ವಾಕ್ಯ ಬರ್ತಾ ಇದೆ!"

"ಬರ್ಲಿ ಬಿಡಿ. ಇಲ್ಲಿ ಚಟ್ನಿನೂ ಬರ್ತಾ ಇದೆ" ಎಂದರು ಅಡುಗೆಮನೆಯಿಂದ ಅವರ ಧರ್ಮಪತ್ನಿ. "ಯಾವುದು ಮೊದ್ಲು ಬರುತ್ತೋ ಅದನ್ನೇ ದೋಸೆಗೆ ಬಡಿಸ್ತೀನಿ."

ಚಟ್ನಿಯೇ ಮೊದಲು ಬಂತು. ಆಮೇಲೆ ಕುಕ್ಕರು ಕೂಗಿತು, ತೋಟದಲ್ಲಿ ಸ್ಪ್ರಿಂಕ್ಲರ್ ಪಂಪು ಕೆಮ್ಮಿತು, ನಾಯಿ ತನ್ನ ಬಾಲಕ್ಕೇ ಬೊಗಳಿತು. ಗೌಡರು ಪೆನ್ನಿಗೆ ಕ್ಯಾಪು ಹಾಕಿ ಎದ್ದು ನಿಂತು ಘೋಷಿಸಿದರು: "ಈ ಸಂಸಾರ ಕೋಲಾಹಲದಲ್ಲಿ ಸಾಹಿತ್ಯ ಹುಟ್ಟಲ್ಲ. ನಾನು ಗಾಳಿಕಲ್ಲಿಗೆ ಹೋಗಿ ಕೂರ್ತೀನಿ."

ಗಾಳಿಕಲ್ಲು ಅವರ ತೋಟದ ತುತ್ತತುದಿಯಲ್ಲಿರುವ ಬೋಳುಬಂಡೆ. ಮಂಗ ಕಾಯಲೆಂದು ಕಟ್ಟಿದ ಒಂದು ತಗಡಿನ ಶೆಡ್ಡು ಅಲ್ಲಿದೆ. ಗೌಡರು ಅತ್ತ ಹತ್ತಿ ವರ್ಷಗಳೇ ಆಗಿದ್ದವು.

ಲಲಿತಾಕ್ಷಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಗಾಳಿಕಲ್ಲಿಗಾ? ಅಲ್ಲಿ ಟವರ್ ಇದೆ ಕಣ್ರೀ."

"ಟವರಾ?" ಗೌಡರು ನಕ್ಕರು. "ಹುಟ್ಟಿದಾಗಿಂದ ನೋಡ್ತಾ ಇದೀನಿ. ಅಲ್ಲಿ ಒಂದು ಬಂಡೆ, ಒಂದು ಶೆಡ್ಡು, ಒಂದು ನೇರಳೆ ಮರ. ಟವರಂತೆ ಟವರು! ನನ್ನ ಜಾಗದಲ್ಲಿ ನನ್ನ ಕೇಳ್ದೆ ಟವರ್ ನಿಲ್ಸೋ ಗಂಡು ಇನ್ನೂ ಹುಟ್ಟಿಲ್ಲ."

ಇಲ್ಲೊಂದು ವಿಷಯ ತಿಳಿದಿರಬೇಕು. ಗೌಡರು ಮೊಬೈಲ್ ಮುಟ್ಟಿದವರಲ್ಲ. ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಮೊಬೈಲ್ ಇಲ್ಲದ ಗಂಡಸು ತಾವೊಬ್ಬರೇ ಎಂಬುದು ಅವರ ಹೆಗ್ಗಳಿಕೆ. ಅವರಿಗೆ ಯಾರಾದರೂ ಫೋನ್ ಮಾಡಬೇಕಾದರೆ ಮನೆಯ ಹಳೇ ಲ್ಯಾಂಡ್‌ಲೈನಿಗೆ ಮಾಡುತ್ತಾರೆ, ಎತ್ತುವುದು ಹೆಂಡತಿ. ಹೀಗಾಗಿ ಬೆಟ್ಟದ ಜನರ ಬಾಯಲ್ಲಿ ‘ಟವರ್’ ಎಂದರೆ ಕಬ್ಬಿಣದ ಕಂಬವಲ್ಲ, ಮೊಬೈಲಿಗೆ ಸಿಗುವ ಸಿಗ್ನಲ್ಲು ಎಂಬ ಲೋಕಜ್ಞಾನ ಅವರ ಕಿವಿಗೆ ಬಿದ್ದರೂ ತಲೆಗೆ ಹತ್ತಿರಲಿಲ್ಲ. ಲಲಿತಾಕ್ಷಮ್ಮ ವಿವರಿಸಲೆಂದು ಬಾಯಿ ತೆರೆದರು. ಯಾಕೋ ಒಂದು ಕ್ಷಣ ಯೋಚಿಸಿ ಮುಚ್ಚಿಕೊಂಡರು. ಸೌಟು ಒಳಗೆ ಹೋಯಿತು.

ಮಾರನೆಯ ದಿನ ಸರಳ ಜೀವನಕ್ಕೆ ಬೇಕಾದ ಸಾಮಾನುಗಳನ್ನು ಪಿಕಪ್ಪಿಗೆ ತುಂಬಲಾಯಿತು. ಮಡಿಸುವ ಮಂಚ, ಬೆತ್ತದ ಕುರ್ಚಿ, ಅದಕ್ಕೆ ಬೆನ್ನಿಗೊಂದು ದಿಂಬು, ಸೊಂಟಕ್ಕೊಂದು ದಿಂಬು, ಚಿಂತನೆಗೊಂದು ದಿಂಬು, ಕಾಫಿ ಫ್ಲಾಸ್ಕು, ಅದು ಮುಗಿದರೆ ಇನ್ನೊಂದು ಫ್ಲಾಸ್ಕು, ಚಕ್ಕುಲಿಯ ಡಬ್ಬ, ಸೊಳ್ಳೆಯ ಬ್ಯಾಟು.

"ಸರಳತೆಗೆ ಒಂದು ಟ್ರಿಪ್ಪು ಸಾಕಾ? ಪಿಕಪ್ ಇನ್ನೊಂದ್ಸಲ ಬರ್ಬೇಕಾ?" ಎಂದು ಕೇಳಿದರು ಲಲಿತಾಕ್ಷಮ್ಮ.

ಮಂಚ ಹೊತ್ತುಕೊಂಡಿದ್ದ ಚಿಕ್ಕಯ್ಯ ಮೇಸ್ತ್ರಿಗೆ ಬೇರೆಯೇ ಚಿಂತೆ. "ಮೇಲೆ ಕೂತು ಎಂತ ಮಾಡ್ತೀರಿ ಗೌಡ್ರೇ?"

"ನಾನೀಗ ರೈಟರ್ ಆಗಿದೀನಿ ಚಿಕ್ಕಯ್ಯ."

ಚಿಕ್ಕಯ್ಯನ ಮುಖ ಬಾಡಿತು. "ಅಯ್ಯೋ, ತೋಟದ ಯಜಮಾನ್ರಿಗೆ ರೈಟರ್ ಆಗುವಂತದ್ದು ಎಂತ ಬಂತು? ಆಳಿನ ಹಾಜರಿ ಬರ್ಕೊಂಡು ಜಿಗಣೆ ಕಚ್ಚಿಸ್ಕೊಳ್ಳೋ ಕೆಲ್ಸ ಅದು. ತೋಟ ಯಾರಿಗ್ ಕೊಟ್ರಿ?"

ಸಾಹಿತ್ಯದ ರೈಟರು ಬೇರೆ, ಎಸ್ಟೇಟಿನ ರೈಟರು ಬೇರೆ ಎಂದು ಗೌಡರು ಗುಡ್ಡ ಹತ್ತುವಷ್ಟು ಹೊತ್ತೂ ವಿವರಿಸಿದರು. ಚಿಕ್ಕಯ್ಯ ನಂಬಿದ ಹಾಗೆ ಕಾಣಲಿಲ್ಲ.

ಮೇಲೆ ಮೌನವೆಂದರೆ ಮೌನ! ಗೌಡರ ಕಿವಿಗೆ ತಮ್ಮ ಗಡ್ಡ ಬೆಳೆಯುವ ಸದ್ದು ಕೇಳಿಸಿತು. ಕೆಳಗೆ ಕಾಫಿ ಗಿಡಗಳೆಲ್ಲ ಬಿಳಿ ಹೂ ಹೊತ್ತು ನಿಂತಿದ್ದವು. ಶೆಡ್ಡಿನ ಮುಂದೆ ಬಂಡೆಯ ನೆತ್ತಿಯ ಮೇಲೇ ಕುರ್ಚಿ ಹಾಕಿಸಿಕೊಂಡು, ಹಾಳೆಯ ಮೇಲೆ ‘ಮೌನ, ಏಕಾಂತ, ಸರಳತೆ’ ಎಂದು ತಲೆಬರಹ ಬರೆದು ಅಡಿಗೆರೆ ಎಳೆದರು. ಅಡಿಗೆರೆ ಎಷ್ಟು ನೇರವಾಗಿ ಬಂದಿತ್ತೆಂದರೆ ಅದನ್ನು ನೋಡುತ್ತಲೇ ಒಂದು ಫ್ಲಾಸ್ಕು ಖಾಲಿಯಾಯಿತು.

"ಹಲೋ! ಹಲೋ! ವಾಷರ್ ಅಲ್ಲಣ್ಣ, ಬುಷ್ಷು! ಬುಷ್ಷೂ!"

ಗೌಡರು ಬೆಚ್ಚಿ ತಿರುಗಿದರು. ಗೋಣಿಬೀಡಿನ ಪಂಪು ರಿಪೇರಿಯ ಅಹಮದ್, ಒಂದು ಕಾಲು ಬಂಡೆಯ ಮೇಲಿಟ್ಟು, ಇನ್ನೊಂದನ್ನು ಗಾಳಿಯಲ್ಲಿ ಎತ್ತಿ, ಕತ್ತು ವಾರೆ ಮಾಡಿ ಕೊಕ್ಕರೆಯ ಹಾಗೆ ನಿಂತು ಫೋನಿಗೆ ಅರಚುತ್ತಿದ್ದ.

"ಎಂತ ಮಾರಾಯ ಇದು ಅವತಾರ? ಇಲ್ಯಾಕ್ ಬಂದೆ?"

"ಟವರಿಗೆ ಗೌಡ್ರೇ. ನಿಮ್ಮ ಪಂಪಿಂದೇ ಬುಷ್ ಹೋಗಿದೆ."

"ಎಲ್ಲಿದೆ ಟವರು? ತೋರ್ಸು ನೋಡಣ!"

"ನೀವು ಕೂತಿದೀರಲ್ಲ, ಅಲ್ಲೇ. ನಿಮ್ಮ ಕುರ್ಚಿ ಅಡೀಲಿ."

ಗೌಡರು ಬಗ್ಗಿ ಕುರ್ಚಿಯ ಅಡಿಗೆ ನೋಡಿದರು. ಒಂದು ಇರುವೆ ಹೋಗುತ್ತಿತ್ತು.

"ಸ್ವಲ್ಪ ಸರೀರಿ ಗೌಡ್ರೇ" ಎಂದ ಅಹಮದ್ ವಿನಯದಿಂದ. "ಇಲ್ಲಿ ಒಂದೇ ಕಡ್ಡಿ ಸಿಗ್ತಾ ಇದೆ. ನಿಮ್ಮ ಜಾಗದಲ್ಲಿ ನಾಲ್ಕು ಕಡ್ಡಿ."

ಸುತ್ತಮುತ್ತಲಿನ ಅಷ್ಟೂ ಕಣಿವೆಗಳಿಗೆ ಲೋಕಸಂಪರ್ಕ ಸಿಗುವ ಏಕೈಕ ಜಾಗದ ಮೇಲೆ ತಾವು ಮೂರು ದಿಂಬು ಹಾಕಿಕೊಂಡು ಕೂತಿದ್ದೇವೆಂದು ಗೌಡರಿಗೆ ಹೊಳೆಯುವಷ್ಟರಲ್ಲಿ ಗುಡ್ಡದ ಕೆಳಗಿನಿಂದ ಇನ್ನೂ ನಾಲ್ಕೈದು ತಲೆಗಳು ಮೇಲೇಳುತ್ತಿದ್ದವು. ಹಾಲಿನ ಡೈರಿಯವರು, ಪಂಚಾಯಿತಿಯವರು, ಬೆಂಗಳೂರಿನ ಮೊಮ್ಮಗುವಿಗೆ ಹಾಡು ಹೇಳುವ ಅಜ್ಜಿಯಂದಿರು. ಬೆಂಗಳೂರು ಕಿವುಡೆಂದು ಎಲ್ಲರೂ ನಂಬಿದ್ದರಿಂದ ಒಬ್ಬೊಬ್ಬರೂ ಕೂಗುವ ಕೂಗಿಗೆ ನೇರಳೆ ಮರದ ಕಾಯಿ ಉದುರಿದವು.

ಮರುದಿನ ಗೌಡರು ಒಂದು ಹಲಗೆ ಬರೆಸಿ ನಿಲ್ಲಿಸಿದರು: ‘ಮೌನ. ಇಲ್ಲಿ ಬರವಣಿಗೆ ನಡೆದಿದೆ.’

ಮಲೆನಾಡಿನ ಜನ ಮರ್ಯಾದಸ್ಥರು. ಅಂದಿನಿಂದ ಒಬ್ಬರೂ ಕೂಗಲಿಲ್ಲ, ಪಿಸುಗುಟ್ಟಿದರು. ಗೌಡರಿಗೆ ನಿಜವಾದ ಕೇಡುಗಾಲ ಬಂದದ್ದು ಆಗ. ಕೂಗಿದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದು. ಪಿಸುಗುಟ್ಟಿದರೆ ಇಟ್ಟ ಹತ್ತಿಯನ್ನೂ ತೆಗೆಯಬೇಕಾಗುತ್ತದೆ! ಅಂಗನವಾಡಿಯ ಸುಪ್ರಿಯಾ ಟೀಚರು ತಂಗಿ ಮೇಘಶ್ರೀಗೆ ಬಂದ ಸಂಬಂಧದ ವಿಷಯವನ್ನು ಸೋದರತ್ತೆಗೆ ಹೇಳುತ್ತಿದ್ದಳು. "ಹುಡುಗ ಒಳ್ಳೆಯವ್ನೇ ಅತ್ತೆ. ತೋಟನೂ ಇದೆ. ಆದ್ರೆ..." ಎನ್ನುತ್ತಾ ಮರದ ಹಿಂದೆ ಹೋಗಿಬಿಟ್ಟಳು.

ಆ ‘ಆದ್ರೆ’ ಗೌಡರನ್ನು ಕೊಂದಿತು. ಪೆನ್ನು ಹಿಡಿದರೆ ಹಾಳೆಯ ಮೇಲೆ ತಾನಾಗಿ ‘ಆದ್ರೆ’ ಎಂದೇ ಮೂಡಿತು. ಕಡೆಗೆ ತಡೆಯಲಾರದೆ ಎದ್ದು ಹೋಗಿ ಕೇಳಿಯೇಬಿಟ್ಟರು. "ಆದ್ರೆ ಎಂತ ಮಾರಾಯ್ತಿ?"

ಸುಪ್ರಿಯಾ ತಲೆ ತಗ್ಗಿಸಿದಳು. "ಆದ್ರೆ... ಅವ್ನು ಕಾಫಿ ಕುಡಿಯಲ್ವಂತೆ ಅಣ್ಣ. ಬರೀ ಟೀ."

"ಏನಂದೆ!" ಗೌಡರ ಕೂಗಿಗೆ ಅಲ್ಲಿದ್ದವರೆಲ್ಲರ ಕರೆ ಕಟ್ಟಾಯಿತು. "ನಮ್ಮ ಗುಡ್ಡದ ಹೆಣ್ಣನ್ನ ಟೀ ಕುಡಿಯೋ ಮನೆಗೆ ಕೊಡದಾ? ಫೋನ್ ಕೊಡಿಲ್ಲಿ, ನಿಮ್ಮ ಅತ್ತೆ ಹತ್ರ ನಾನ್ ಮಾತಾಡ್ತೀನಿ!"

ಗೌಡರು ಹುಟ್ಟಿದ ಮೇಲೆ ಮೊಬೈಲ್ ಹಿಡಿದದ್ದು ಆಗಲೇ. ಇಳಿಸಿದ್ದು ಅದರ ಬ್ಯಾಟರಿ ಸತ್ತಾಗ. ಗೌಡರು ಎಲ್ಲದಕ್ಕೂ ಸಲಹೆ ಕೊಡುತ್ತಾರೆಂದು ತಿಳಿದ ಮೇಲೆ ಜನ ಫೋನುಗಳನ್ನೇ ಅವರ ಬಳಿ ಬಿಟ್ಟುಹೋಗತೊಡಗಿದರು. "ಇದೊಂದು ಇಲ್ಲಿಟ್ಟಿರಿ ಗೌಡ್ರೇ, ಮೆಸೇಜ್ ಬಂದಿರ್ಲಿ, ಯಾರಾದ್ರೂ ಮಾಡಿದ್ರೆ ತೋಟದಲ್ಲಿದಾನೆ ಅನ್ನಿ." ಏಕಾಂತ ಅರಸಿ ಬಂದ ಚಿಂತಕರು ಒಂದು ರಾಶಿ ಫೋನುಗಳ ನಡುವೆ ಕೋಳಿ ಮೊಟ್ಟೆಯ ಮೇಲೆ ಕೂತ ಹಾಗೆ ಕೂತು, ಅದು ಗುನುಗಿದರೆ ಅದಕ್ಕೆ, ಇದು ಕೂಗಿದರೆ ಇದಕ್ಕೆ ಉತ್ತರ ಹೇಳುತ್ತಿದ್ದರು.

ಗೋಷ್ಠಿ ಇನ್ನೇನು ನಾಳಿದ್ದು ಎನ್ನುವಾಗ ದಿಗಿಲಾಗಿ ಮನೆಗೆ ಓಡಿ ಬಂದರು. ಮನೆ ನಿಶ್ಶಬ್ದ. ಜಗಲಿಯ ಆರಾಮಕುರ್ಚಿಯಲ್ಲಿ ಲಲಿತಾಕ್ಷಮ್ಮ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದರು. ನಾಯಿ ಪಕ್ಕದಲ್ಲಿ ಋಷಿಯ ಹಾಗೆ ಮಲಗಿತ್ತು.

"ಮಿಕ್ಸಿ ಕೆಟ್ಟಿದೆಯಾ?"

"ಅದ್ಯಾಕ್ ಕೆಡುತ್ತೆ? ಎರಡು ಥರ ಚಟ್ನಿ ಬೇಕು ಅನ್ನೋರು ಮೇಲಿದೀರಲ್ಲ. ನನಗೊಬ್ಳಿಗೆ ಉಪ್ಪಿನಕಾಯಿ ಸಾಕು."

"ಹಾಗಾದ್ರೆ ನಾನು ಇಲ್ಲೇ ಕೂತು ಬರೀತೀನಿ ಕಣೇ."

"ಬೇಡಪ್ಪ! ನೀವು ಬಂದ್ರೆ ಇಲ್ಲಿ ಮೌನ ಎಲ್ಲಿಂದ ಬರ್ಬೇಕು?" ಎನ್ನುತ್ತಾ ಲಲಿತಾಕ್ಷಮ್ಮ ಬುತ್ತಿ ಕಟ್ಟಿಕೊಟ್ಟು ಗೌಡರನ್ನು ಮತ್ತೆ ಗುಡ್ಡ ಹತ್ತಿಸಿದರು.

ಗೋಷ್ಠಿಯ ದಿನ ಬಂದೇ ಬಂತು. ಸಭಾಂಗಣದ ತುಂಬ ಜನ. ಮಲ್ಲಿಕಾರ್ಜುನಪ್ಪನವರು ಕಾಳುಮೆಣಸಿನ ಇತಿಹಾಸವನ್ನು ಬೀಜ ಮೊಳೆತಲ್ಲಿಂದ ಆರಂಭಿಸಿ ಬಳ್ಳಿ ಮರದ ಅರ್ಧಕ್ಕೆ ಹಬ್ಬುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಹಿಂದಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. "ಈಗ ಚನ್ನಕೇಶವ ಗೌಡರಿಂದ ಪ್ರಬಂಧ" ಎಂದಾಗ ಸಭೆಯೇ ನರಳಿತು. ಗೌಡರ ಮಾತಿನ ಉದ್ದಳತೆ ಬಲ್ಲ ಜನ ಅದು.

ಗೌಡರು ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದರು. ತಲೆಬರಹ, ನೇರವಾದ ಅಡಿಗೆರೆ, ಅದರ ಕೆಳಗೆ ‘ಆದ್ರೆ’. ಅಷ್ಟೇ. ಬಾಯಿಯಿಂದ ಹೇಳೋಣವೆಂದರೆ ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು. ಹುಟ್ಟಿದಂದಿನಿಂದ ಬಿಡುವು ಕಾಣದ ಆ ನಾಲಿಗೆ ಇವತ್ತೇ ರಜೆ ಹಾಕಬೇಕೆ! ಸುಮ್ಮನೆ ನಿಂತರು.

"ಕೇಳಿಸ್ತಾ ಇಲ್ಲಾ!" ಹಿಂದಿನಿಂದ ಕೂಗು ಬಂತು. ಮೈಕಿನ ಶಾದಾಬ್ ಗಾಬರಿಯಾಗಿ ಎಲ್ಲ ವೈರುಗಳನ್ನೂ ಕಿತ್ತು ಚುಚ್ಚಿದ. ಮುಂದಿನ ಸಾಲಿನ ಒಬ್ಬ ಹಿರಿಯರು ತಿರುಗಿ ಗದರಿದರು. "ಸುಮ್ನಿರ್ರೀ! ಪ್ರಬಂಧ ಶುರುವಾಗಿದೆ. ಮೌನವನ್ನ ಮೌನದಲ್ಲೇ ಹೇಳ್ತಾ ಇದಾರೆ."

ಗೌಡರ ಕಿವಿಗೆ ಅದು ಬಿತ್ತು. ಬಿದ್ದದ್ದೇ ತಡ, ಎದೆ ಉಬ್ಬಿತು, ಗದ್ದ ಮೇಲೆದ್ದಿತು. ಎರಡನೆಯ ಪುಟ ತಿರುಗಿಸಿದವರ ಹಾಗೆ ಹಾಳೆಯನ್ನು ಗಂಭೀರವಾಗಿ ಮಗುಚಿ, ಖಾಲಿ ಬೆನ್ನನ್ನೂ ಮೌನವಾಗಿ ಓದಿ ಮುಗಿಸಿ, ಕೈಮುಗಿದು ಇಳಿದರು. ಬಿದ್ದ ಚಪ್ಪಾಳೆಗೆ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿದವು, ಬೇಲೂರಿನವರೆಗೂ ಇಳಿಯಲಿಲ್ಲ. ಮಲ್ಲಿಕಾರ್ಜುನಪ್ಪನವರು ಕಣ್ಣೊರೆಸಿಕೊಂಡು, "ಇಷ್ಟು ಸರಳವಾದ, ಇಷ್ಟು ಅರ್ಥವಾಗುವ ಪ್ರಬಂಧ ನಮ್ಮ ವೇದಿಕೆಯಲ್ಲಿ ಬಂದಿರಲಿಲ್ಲ" ಎಂದರು. ಸಾರು ಆರುವ ಮೊದಲೇ ಊಟ ಬಡಿಸಲಾಯಿತು. ಜನ ಎರಡೆರಡು ಸಲ ಪಾಯಸ ಹಾಕಿಸಿಕೊಂಡು ಗೌಡರನ್ನು ಕೊಂಡಾಡಿದರು.

ಮೂಡಿಗೆರೆಯಿಂದ ಕಳಸದವರೆಗೆ ಗೌಡರೀಗ ಮೌನದ ಗೌಡರು. ಈ ಕೀರ್ತಿಯನ್ನು ಬಾಯಿತುಂಬ ಹೇಳಿಕೊಳ್ಳೋಣವೆಂದು ಅವರು ಮಾರನೆಯ ದಿನವೇ ಇಸ್ತ್ರಿ ಶರ್ಟು ತೊಟ್ಟು ಪೇಟೆಗೆ ಇಳಿದರು. "ನಿನ್ನೆ ನಾನು ವೇದಿಕೆ ಮೇಲೆ..." ಎಂದು ಶುರು ಮಾಡುವಷ್ಟರಲ್ಲಿ ಅಹಮದ್ ಎರಡೂ ಕೈ ಜೋಡಿಸಿ ತಡೆದ. "ಬೇಡ ಗೌಡ್ರೇ! ನಿಮ್ಮಂಥೋರು ಬಾಯಿ ಬಿಡಬಾರ್ದು. ನಮಗೆ ಅರ್ಥ ಆಗುತ್ತೆ." ಬಸ್ಸಿನಲ್ಲಿ ಜನ ಎದ್ದು ಜಾಗ ಬಿಟ್ಟುಕೊಟ್ಟು, ಅವರ ಏಕಾಂತಕ್ಕೆ ಭಂಗ ಬರದಿರಲೆಂದು ಪಕ್ಕದ ಸೀಟನ್ನೂ ಖಾಲಿ ಬಿಟ್ಟರು. ಹೇಳಲಾಗದ ಹೆಮ್ಮೆ ಹೊಟ್ಟೆಯೊಳಗೆ ಹಲಸಿನ ಹಣ್ಣಿನಷ್ಟು ಊದಿಕೊಂಡು, ಮಧ್ಯಾಹ್ನಕ್ಕೆ ಗೌಡರು ಮನೆಗೆ ಬಂದು ಊಟಕ್ಕೆ ಕೂತರು. ಕಟ್ಟಿಕೊಂಡ ಹೆಂಡತಿಯಾದರೂ ಕೇಳದೆ ಎಲ್ಲಿ ಹೋದಾಳು?

ಮೊದಲ ತುತ್ತು ಬಾಯಿಗಿಟ್ಟರು. ಸಾರಿಗೆ ಉಪ್ಪೇ ಇರಲಿಲ್ಲ.

"ಹೇಗಿದೆ ಸಾರು?" ಎಂದರು ಲಲಿತಾಕ್ಷಮ್ಮ.

ಗೌಡರು ಬಾಯಿ ತೆರೆದರು. ಲಲಿತಾಕ್ಷಮ್ಮ ಭಕ್ತಿಯಿಂದ ಕಣ್ಣು ಮುಚ್ಚಿ, ಕೈ ಎತ್ತಿ ತಡೆದು, ಸ್ವಲ್ಪ ಹೊತ್ತು ಹಾಗೇ ಕೂತಿದ್ದು ಮೆಲ್ಲಗೆ ತಲೆದೂಗಿದರು.

"ಆಹಾ, ಎಷ್ಟು ಚೆನ್ನಾಗಿ ಹೇಳಿದ್ರಿ!"